ಎಂಟು ಮನೆಗೆ ಒಂದು ಸೇತುವೆ: ಗುಡ್ಡದ ಊರಿಗೆ ಸರ್ಕಾರದ ದುಡ್ಡು ಬರುವ ದಾರಿ

ಹಳ್ಳದ ಆಚೆ ಎಂಟು ಮನೆ. ಈಚೆ ಟಾರು ರಸ್ತೆ, ಬಸ್ಸು, ಶಾಲೆ, ನ್ಯಾಯಬೆಲೆ ಅಂಗಡಿ. ನಡುವೆ ಎರಡು ಅಡಿಕೆ ಮರ ಅಡ್ಡ ಹಾಕಿ, ಕೈ ಹಿಡಿಯಲು ಒಂದು ಬಿದಿರಿನ ಗಳ ಕಟ್ಟಿದ ಕಾಲುಸಂಕ. ಮೇ ಕೊನೆಯಲ್ಲಿ ಮನೆಗೊಬ್ಬರು ಬಂದು ಅದನ್ನು ಕಟ್ಟುತ್ತಾರೆ. ಆಷಾಢದ ಹೊತ್ತಿಗೆ ಮರದ ಮೇಲೆ ಪಾಚಿ ಹಿಡಿಯುತ್ತದೆ. ಅದೃಷ್ಟ ಇದ್ದರೆ ಚೌತಿ ಹಬ್ಬದವರೆಗೂ ಸಂಕ ಇರುತ್ತದೆ. ಇಲ್ಲದಿದ್ದರೆ ಯಾವುದೋ ಒಂದು ರಾತ್ರಿ ಹಳ್ಳ ಏರಿ ಬಂದು ಒಯ್ಯುತ್ತದೆ. ಮರುದಿನ ಮಕ್ಕಳಿಗೆ ಶಾಲೆ ಇಲ್ಲ. ಅಜ್ಜನಿಗೆ ಬಿಪಿ ಮಾತ್ರೆ ಇಲ್ಲ.

ಈ ಎಂಟು ಮನೆಯ ಊರು ನಾನು ಕಲ್ಪಿಸಿಕೊಂಡದ್ದು. ಆದರೆ ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಸಿದ್ದಾಪುರ, ಬೈಂದೂರು, ಸುಳ್ಯದ ಕಡೆಯವರಿಗೆ ಇದು ಯಾವ ಊರು ಅಂತ ಕೇಳಿದರೆ ತಕ್ಷಣ ಒಂದು ಹೆಸರು ಹೇಳುತ್ತಾರೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಎರಡನೇ ಕ್ಲಾಸಿನ ಮಗುವೊಂದು ಶಾಲೆಯಿಂದ ಮನೆಗೆ ಬರುವಾಗ ಇಂಥದೇ ಸಂಕದಿಂದ ಬಿದ್ದು ಪ್ರಾಣ ಬಿಟ್ಟಿತು. ಆಗ ಎಲ್ಲರೂ ಕೇಳಿದ ಪ್ರಶ್ನೆ ಒಂದೇ. ಇಷ್ಟು ಚಿಕ್ಕ ಸೇತುವೆ ಕಟ್ಟಲಿಕ್ಕೆ ಸರ್ಕಾರಕ್ಕೆ ಏನು ಕಷ್ಟ?

ಲಂಚ, ರಾಜಕೀಯ, ಸೋಮಾರಿತನ ಅಂತ ಉತ್ತರ ಕೊಡುವುದು ಸುಲಭ. ಅದೂ ಇರಬಹುದು. ಆದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ಸತ್ಯಹರಿಶ್ಚಂದ್ರರೇ ಆಗಿದ್ದರೂ ಆ ಎಂಟು ಮನೆಗೆ ಸೇತುವೆ ಸಿಗುವುದು ಕಷ್ಟವೇ. ತೊಂದರೆ ಇರುವುದು ಲೆಕ್ಕ ಹಾಕುವ ಕ್ರಮದಲ್ಲಿ. ಗುಡ್ಡದ ಊರಿಗೆ ಸಾರ್ವಜನಿಕ ದುಡ್ಡು ಹೇಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಈ ಸಂಕದ ಮೇಲೆ ನಿಂತೇ ನೋಡೋಣ.

ತಲೆ ಎಣಿಸುವ ಲೆಕ್ಕ

ಒಂದು ಸೇತುವೆಗೆ 40 ಲಕ್ಷ ರೂಪಾಯಿ ಅಂತ ಇಟ್ಟುಕೊಳ್ಳಿ. ಸುಮ್ನೆ ಲೆಕ್ಕಕ್ಕೆ ತೆಗೆದುಕೊಂಡ ಸಂಖ್ಯೆ ಇದು. ಬಯಲುಸೀಮೆಯಲ್ಲಿ 4,000 ಜನರ ಊರಿಗೆ ಅದನ್ನು ಕಟ್ಟಿದರೆ ತಲೆಗೆ ಸಾವಿರ ರೂಪಾಯಿ ಬೀಳುತ್ತದೆ. ನಮ್ಮ ಎಂಟು ಮನೆಯಲ್ಲಿ 40 ಜನ ಇದ್ದಾರೆ. ಇಲ್ಲಿ ತಲೆಗೆ ಒಂದು ಲಕ್ಷ. ಕಡತ ನೋಡುವ ಅಧಿಕಾರಿ ಎಷ್ಟೇ ಒಳ್ಳೆಯವರಾದರೂ ಮೊದಲು ಯಾವುದಕ್ಕೆ ಸಹಿ ಹಾಕುತ್ತಾರೆ ಹೇಳಿ?

ಇದು ಒಬ್ಬ ಅಧಿಕಾರಿಯ ಮರ್ಜಿ ಅಲ್ಲ, ಯೋಜನೆಗಳ ಒಳಗೇ ಹೆಣೆದಿರುವ ಲೆಕ್ಕ. 2000ನೇ ಇಸವಿ ಡಿಸೆಂಬರ್ 25ರಂದು ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯನ್ನೇ ತೆಗೆದುಕೊಳ್ಳಿ. ದೇಶದ ಹಳ್ಳಿಗಳಿಗೆ ಸರ್ವಋತು ರಸ್ತೆ ಕೊಟ್ಟ ದೊಡ್ಡ ಯೋಜನೆ. ಅದರ ಪ್ರಕಾರ ಬಯಲು ಪ್ರದೇಶದಲ್ಲಿ 500 ಜನ ಇರುವ ಜನವಸತಿಗೆ ರಸ್ತೆ ಸಿಗುತ್ತದೆ. ಗುಡ್ಡಗಾಡು ರಾಜ್ಯಗಳಲ್ಲಿ 250 ಜನ ಇದ್ದರೂ ಸಾಕು. ನ್ಯಾಯವಾಗಿಯೇ ಇದೆ, ಅಲ್ವಾ?

ಸಿಕ್ಕು ಇರುವುದು 'ರಾಜ್ಯ' ಅನ್ನುವ ಪದದಲ್ಲಿ. ಗುಡ್ಡಗಾಡು ರಾಜ್ಯ ಅಂದರೆ ಹಿಮಾಚಲ, ಉತ್ತರಾಖಂಡ, ಜಮ್ಮು ಕಾಶ್ಮೀರ, ಸಿಕ್ಕಿಂ, ಈಶಾನ್ಯದ ರಾಜ್ಯಗಳು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕುದುರೆಮುಖದ ಬುಡದ ಊರಿಗೂ ರಾಯಚೂರಿನ ಬಯಲಿನ ಊರಿಗೂ ಅಳತೆ ಒಂದೇ. ಮಲೆನಾಡು ಗುಡ್ಡವೇ ಹೌದು, ಆದರೆ ಗುಡ್ಡ ಅನ್ನಿಸಿಕೊಳ್ಳಲಿಕ್ಕೆ ಬೇಕಾದ ಚೀಟಿ ಅದರ ಕೈಯಲ್ಲಿ ಇಲ್ಲ.

ಬೇರೆ ಯೋಜನೆಗಳಲ್ಲೂ ಇದೇ ಗೆರೆ ಕಾಣುತ್ತದೆ. ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ನಿನಲ್ಲಿ ಹಿಮಾಲಯದ ಮತ್ತು ಈಶಾನ್ಯದ ರಾಜ್ಯಗಳಿಗೆ ನೂರಕ್ಕೆ 90 ರೂಪಾಯಿ ಕೇಂದ್ರದ್ದು, 10 ರೂಪಾಯಿ ರಾಜ್ಯದ್ದು. ಕರ್ನಾಟಕದಂಥ ರಾಜ್ಯಕ್ಕೆ ಅರ್ಧಕ್ಕರ್ಧ. ಇದರ ಬೇರು 1969ರಲ್ಲಿದೆ. ಗುಡ್ಡ, ಗಡಿ, ವಿರಳ ಜನಸಂಖ್ಯೆ, ಬಡತನ ಇರುವ ರಾಜ್ಯಗಳಿಗೆ ವಿಶೇಷ ವರ್ಗ ಅಂತ ಮಾಡಿ ಕೇಂದ್ರದ ನೆರವನ್ನು ಹೆಚ್ಚಾಗಿ ಅನುದಾನದ ರೂಪದಲ್ಲೇ ಕೊಡುವ ಪದ್ಧತಿ ಆಗ ಬಂತು. ಆ ರಾಜ್ಯಗಳಿಗೆ ಅದು ಬೇಕಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಅರ್ಧ ಬಯಲು ಅರ್ಧ ಗುಡ್ಡ ಇರುವ ರಾಜ್ಯಗಳ ಗುಡ್ಡದವರು ಈ ಹಂಚಿಕೆಯ ಸಂದಿಯಲ್ಲಿ ಜಾರಿ ಬಿದ್ದರು.

ಊರು ಅಂದರೆ ಏನು ಅನ್ನುವುದೂ ಒಂದು ಸಮಸ್ಯೆ. ಬಯಲುಸೀಮೆಯಲ್ಲಿ ಊರು ಅಂದರೆ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಸುತ್ತ ಹೊಲ, ನಡುವೆ ಊರು. ಮಲೆನಾಡಿನಲ್ಲಿ ತಿರುವು ಮುರುವು. ನೀರಿನ ಒರತೆ ಇರುವ ಕಣಿವೆಯಲ್ಲಿ ತೋಟ, ತೋಟದ ತಲೆಯಲ್ಲಿ ಮನೆ. ಮುಂದಿನ ಕಣಿವೆಯಲ್ಲಿ ಇನ್ನೊಂದು ಮನೆ. ಪಕ್ಕದ ಮನೆ ಅಂದರೆ ಅರ್ಧ ಮೈಲಿ ನಡೆಯಬೇಕು. ಕಂದಾಯದ ದಾಖಲೆಯಲ್ಲಿ ಒಂದು ಗ್ರಾಮ, ನೆಲದ ಮೇಲೆ ಹತ್ತು ಹನ್ನೆರಡು ಮಜರೆ, ಅಂದರೆ ಬಿಡಿ ಬಿಡಿ ಮನೆಗುಂಪು. ಗ್ರಾಮಕ್ಕೆ ರಸ್ತೆ ಇದೆ ಅಂತ ಕಾಗದ ಹೇಳುತ್ತದೆ. ಇರುವುದು ನಿಜವೇ. ಒಂದು ಮಜರೆಗೆ ಇದೆ, ಉಳಿದ ಹನ್ನೊಂದಕ್ಕೆ ಇಲ್ಲ.

ಸರಾಸರಿಯ ಆಟವೂ ಇಲ್ಲಿ ಸೇರಿಕೊಳ್ಳುತ್ತದೆ. ರಾಜ್ಯದ ಪ್ರಾದೇಶಿಕ ಅಸಮತೋಲನ ನೋಡಲು ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗ ಇದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114 ತಾಲ್ಲೂಕುಗಳನ್ನು ಹಿಂದುಳಿದವು ಅಂದಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು. ಆ ವರದಿ ಬಹಳ ಮುಖ್ಯವಾದ ಕೆಲಸ. ಆದರೆ ಅದು ಅಳೆದದ್ದು ತಾಲ್ಲೂಕನ್ನು. ಅಡಿಕೆ, ಕಾಫಿ ಬೆಳೆಯುವ ತಾಲ್ಲೂಕಿನಲ್ಲಿ ಸಾಕ್ಷರತೆ ಚೆನ್ನಾಗಿರುತ್ತದೆ, ತಲಾ ಆದಾಯ ಚೆನ್ನಾಗಿರುತ್ತದೆ. ಹಳ್ಳದ ಆಚೆಯ ಎಂಟು ಮನೆ ಆ ಸರಾಸರಿಯಲ್ಲಿ ಕರಗಿ ಹೋಗುತ್ತದೆ. ಹತ್ತು ಎಕರೆ ಕಾಫಿ ತೋಟದ ಸಾಹುಕಾರರೂ ಅವರ ತೋಟದ ಲೈನು ಮನೆಯ ಕೂಲಿಯವರೂ ಒಂದೇ ಸರಾಸರಿಯೊಳಗೆ ಬರುತ್ತಾರೆ.

ಹಾಗಂತ ನಮ್ಮ ಕಾನೂನುಗಳಿಗೆ ಮಲೆನಾಡು ಕಾಣಿಸಿಯೇ ಇಲ್ಲ ಅಂತ ಅಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ತೆಗೆದು ನೋಡಿ. ಒಂದು ಗ್ರಾಮ ಪಂಚಾಯ್ತಿಗೆ 5,000ದಿಂದ 7,000 ಜನ ಇರಬೇಕು ಅನ್ನುತ್ತದೆ. ಕೂಡಲೇ ಒಂದು ರಿಯಾಯಿತಿ ಸೇರಿಸುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡ, ದಕ್ಷಿಣ ಕನ್ನಡದಂಥ ಜಿಲ್ಲೆಗಳಲ್ಲಿ 2,500 ಜನ ಇದ್ದರೂ ಸಾಕು. ಆ ಸಾಲು ಬರೆದವರಿಗೆ ನನ್ನದೊಂದು ನಮಸ್ಕಾರ. ಮತ ಹಾಕುವ ಲೆಕ್ಕದಲ್ಲಿ ದೂರವೂ ಎಣಿಕೆಗೆ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ಅದೇ ಬುದ್ಧಿ ದುಡ್ಡಿನ ಲೆಕ್ಕಕ್ಕೆ ಬರಲಿಲ್ಲ. ಕೇಂದ್ರದ ದುಡ್ಡು ರಾಜ್ಯಗಳಿಗೆ ಹೇಗೆ ಹಂಚಬೇಕು ಅಂತ ಹೇಳುವ ಹಣಕಾಸು ಆಯೋಗಗಳಲ್ಲಿ 15ನೆಯದು ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯ ರಾಜ್ಯಗಳ ನಡುವೆ ಹಂಚಿದಾಗ ಜನಸಂಖ್ಯೆಗೆ ನೂರಕ್ಕೆ 90 ಅಂಕ, ವಿಸ್ತೀರ್ಣಕ್ಕೆ 10 ಅಂಕ ಇಟ್ಟಿತು.

ಇದರ ಜೊತೆ ಇನ್ನೊಂದು ಸುಳಿ ಇದೆ. 2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. 2011ರಲ್ಲಿ 11,37,961. ರಾಜ್ಯದ ಜನಸಂಖ್ಯೆ ನೂರಕ್ಕೆ 15ಕ್ಕಿಂತ ಜಾಸ್ತಿ ಬೆಳೆದ ಅದೇ ಹತ್ತು ವರ್ಷದಲ್ಲಿ ಈ ಜಿಲ್ಲೆ ಮೂರು ಸಾವಿರ ಜನರನ್ನು ಕಳೆದುಕೊಂಡಿತು. ಜನ ಕಡಿಮೆ ಆದರೆ ದುಡ್ಡು ಕಡಿಮೆ ಬರುತ್ತದೆ. ದುಡ್ಡು ಕಡಿಮೆ ಬಂದರೆ ಶಾಲೆ ಮುಚ್ಚುತ್ತದೆ, ಬಸ್ಸು ನಿಲ್ಲುತ್ತದೆ. ಆಗ ಇನ್ನಷ್ಟು ಜನ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಮುಂದಿನ ಗಣತಿಯಲ್ಲಿ ತಲೆ ಇನ್ನೂ ಕಡಿಮೆ.

ಗುಡ್ಡದಲ್ಲಿ ಒಂದು ಮೀಟರ್ ರಸ್ತೆ

ತಲೆ ಕಡಿಮೆ ಇರುವುದು ಒಂದು ಕಡೆ. ಕೆಲಸವೇ ದುಬಾರಿ ಆಗಿರುವುದು ಇನ್ನೊಂದು ಕಡೆ.

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ. ಜೂನ್ ಹಿಡಿದರೆ ಅಕ್ಟೋಬರ್‌ವರೆಗೆ ಮಣ್ಣು ಮುಟ್ಟುವ ಹಾಗಿಲ್ಲ. ಟೆಂಡರ್, ಕಾರ್ಯಾದೇಶ ಎಲ್ಲ ಮುಗಿದು ಕೆಲಸ ಶುರುವಾಗುವಾಗ ಜನವರಿ. ಆ ಹೊತ್ತಿಗೆ ಅಡಿಕೆ ಕೊಯ್ಲೋ ಕಾಫಿ ಕೊಯ್ಲೋ ನಡೆಯುತ್ತಿರುತ್ತದೆ, ಆಳು ಸಿಗುವುದಿಲ್ಲ. ಮಾರ್ಚಿಗೆ ಆರ್ಥಿಕ ವರ್ಷ ಮುಗಿಯುತ್ತದೆ. ದುಡ್ಡು ವಾಪಸು ಹೋಗಬಾರದು ಅಂತ ಫೆಬ್ರವರಿಯಲ್ಲಿ ಓಡೋಡಿ ಹಾಕಿದ ಟಾರು ಮೊದಲ ಮಳೆಗೇ ಹೊರಟು ಹೋದರೆ ಆಶ್ಚರ್ಯ ಏನಿದೆ? ಏಪ್ರಿಲ್‌ನಿಂದ ಮಾರ್ಚಿನವರೆಗಿನ ಸರ್ಕಾರಿ ವರ್ಷಕ್ಕೂ ಮಲೆನಾಡಿನ ಮಳೆಗೂ ಜಾತಕ ಕೂಡುವುದೇ ಇಲ್ಲ.

ಬಯಲಿನಲ್ಲಿ ರಸ್ತೆ ಅಂದರೆ ಜಲ್ಲಿ ಹಾಸಿ ಟಾರು ಹಾಕುವುದು. ಗುಡ್ಡದಲ್ಲಿ ಮೊದಲು ಒಂದು ಮಗ್ಗುಲಿನ ಧರೆ, ಅಂದರೆ ಗುಡ್ಡದ ಮಣ್ಣಿನ ಗೋಡೆ, ಕಡಿಯಬೇಕು. ಇನ್ನೊಂದು ಮಗ್ಗುಲಿಗೆ ಕಲ್ಲಿನ ಕಟ್ಟೆ ಕಟ್ಟಬೇಕು. ನೂರು ಮಾರಿಗೊಂದು ಮೋರಿ ಬೇಕು. ಚರಂಡಿಯಂತೂ ರಸ್ತೆಗಿಂತ ಮುಖ್ಯ. ಎಸ್ಟಿಮೇಟಿನಲ್ಲಿ ಖರ್ಚು ಇಳಿಸಬೇಕಾದಾಗ ಮೊದಲು ಹಾರಿ ಹೋಗುವುದು ಅದೇ ಚರಂಡಿ, ಅದೇ ಮೋರಿ. ಧರೆಯನ್ನು ಇಳಿಜಾರು ಕೊಟ್ಟು ಕಡಿಯಲು ಜಾಗ ಜಾಸ್ತಿ ಬೇಕು. ಹಾಗಾಗಿ ಜೆಸಿಬಿ ತಂದು ನೆಟ್ಟಗೆ ಕಡಿದು ಬಿಡುತ್ತಾರೆ. ಮೂರು ಮಳೆಗಾಲದಲ್ಲಿ ಧರೆ ಜರಿದು ರಸ್ತೆಗೆ ಬರುತ್ತದೆ. 2018ರಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾದ ಹತ್ತಿರ ಶಿರೂರು. ಜರಿದ ಗುಡ್ಡ ಎಂಥದ್ದು ಅಂತ ನಾವು ನೋಡಿದ್ದೇವೆ. ಗುಡ್ಡದ ಮೇಲೆ ದುಡ್ಡು ಸುರಿದರೆ ಸಾಲದು. ಅಗ್ಗದಲ್ಲಿ ಮುಗಿಸಿದ ಕೆಲಸ ಅಲ್ಲಿ ಬರೀ ವ್ಯರ್ಥವಲ್ಲ, ಅಪಾಯವೂ ಹೌದು.

ಇನ್ನು ಸಾಗಣೆ. ಲಾರಿ ಹೋಗದ ಜಾಗಕ್ಕೆ ಮರಳು, ಸಿಮೆಂಟು ತಲೆಹೊರೆಯಲ್ಲೇ ಹೋಗಬೇಕು. ಐದು ಲಕ್ಷದ ಕೆಲಸಕ್ಕೆ ಅಷ್ಟು ದೂರ ಬರಲು ಒಳ್ಳೆಯ ಗುತ್ತಿಗೆದಾರರಿಗೆ ಮನಸ್ಸಿರುವುದಿಲ್ಲ.

ನೆಲ ಎಣಿಸಿದ ಒಂದು ಕಾಲ

ಹಾಗಾದರೆ ಇದನ್ನು ಯಾರೂ ಯೋಚಿಸಿರಲಿಲ್ಲವೇ? ಯೋಚಿಸಿದ್ದರು. ಐದನೇ ಪಂಚವಾರ್ಷಿಕ ಯೋಜನೆಯ ಶುರುವಿನಲ್ಲಿ, 1974-75ರಲ್ಲಿ, ಕೇಂದ್ರ ಸರ್ಕಾರ ಪಶ್ಚಿಮಘಟ್ಟ ಅಭಿವೃದ್ಧಿ ಕಾರ್ಯಕ್ರಮ ತಂದಿತು. ಹಿಮಾಲಯದ ಕಡೆ ಇದ್ದ ಗುಡ್ಡಗಾಡು ಅಭಿವೃದ್ಧಿ ಕಾರ್ಯಕ್ರಮದ ತಮ್ಮ ಇದ್ದ ಹಾಗೆ. ಇದರ ಜಾಣತನ ಎಲ್ಲಿತ್ತು ಅಂದರೆ, ಅದು ರಾಜ್ಯವನ್ನು ನೋಡಲಿಲ್ಲ, ತಾಲ್ಲೂಕನ್ನು ನೋಡಿತು. ಒಂದು ತಾಲ್ಲೂಕಿನ ಐದರಲ್ಲೊಂದು ಪಾಲು ನೆಲ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿದ್ದರೆ ಅದು ಗುಡ್ಡದ ತಾಲ್ಲೂಕು. ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡು ಸೇರಿ ಕೊನೆಗೆ 171 ತಾಲ್ಲೂಕುಗಳು ಇದರೊಳಗೆ ಬಂದವು. ಕರ್ನಾಟಕದ್ದು 40.

ಹಂಚಿಕೆಯ ಸೂತ್ರ ಇನ್ನೂ ಚೆಂದ. ವಿಸ್ತೀರ್ಣಕ್ಕೆ ನೂರಕ್ಕೆ 75, ಜನಸಂಖ್ಯೆಗೆ 25. ಅಂದರೆ ತಲೆಗಿಂತ ನೆಲಕ್ಕೆ ಮೂರು ಪಟ್ಟು ತೂಕ. ಆ ಎಂಟು ಮನೆಗೆ ಬೇಕಾಗಿದ್ದದ್ದು ಇದೇ ತಕ್ಕಡಿ.

ಆದರೆ ತಕ್ಕಡಿ ಸರಿ ಇದ್ದರೂ ಅದರಲ್ಲಿ ಇಟ್ಟ ದುಡ್ಡು ಚಿಲ್ಲರೆ. ಐದು ರಾಜ್ಯ, 171 ತಾಲ್ಲೂಕು. ಒಂದು ಚೆಕ್‌ಡ್ಯಾಂ, ಒಂದು ಕಾಲುಸೇತುವೆ, ಒಂದಿಷ್ಟು ಗಿಡ ನೆಡುವುದು. ಊಟದ ಎಲೆಗೆ ಉಪ್ಪು ಬಡಿಸಿದ ಹಾಗೆ, ಎಲ್ಲರಿಗೂ ಸಿಕ್ಕಿತು, ಯಾರ ಹೊಟ್ಟೆಯೂ ತುಂಬಲಿಲ್ಲ. 2015ರಲ್ಲಿ ಯೋಜನಾ ಆಯೋಗ ಹೋಗಿ ನೀತಿ ಆಯೋಗ ಬಂತು. ಅದೇ ಹೊತ್ತಿಗೆ 14ನೇ ಹಣಕಾಸು ಆಯೋಗದ ಮಾತಿನಂತೆ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ನೂರಕ್ಕೆ 32ರಿಂದ 42ಕ್ಕೆ ಏರಿತು. ಪಾಲು ಹೆಚ್ಚಾಯಿತಲ್ಲ, ಇನ್ನು ಇಂಥ ಬಿಡಿ ಅನುದಾನ ಯಾಕೆ ಅನ್ನುವುದು ಆಗಿನ ವಾದ. ಘಟ್ಟದ ತಾಲ್ಲೂಕುಗಳ ಪ್ರತ್ಯೇಕ ಹುಂಡಿ ಹೀಗೆ ಮುಚ್ಚಿತು.

ವಾದ ಪೂರ್ತಿ ತಪ್ಪಲ್ಲ. ಹಣಕಾಸು ಆಯೋಗದ ಹಂಚಿಕೆಯಲ್ಲಿ ಕಾಡಿಗೂ ಅಂಕ ಇದೆ. 14ನೇ ಆಯೋಗ ಕಾಡಿಗೆ 7.5 ಅಂಕ ಇಟ್ಟರೆ 15ನೇ ಆಯೋಗ ಅದನ್ನು 10ಕ್ಕೆ ಏರಿಸಿತು. ಆದರೆ ಆ ಅಂಕಕ್ಕೆ ಬರುವ ದುಡ್ಡು ಬೆಂಗಳೂರಿನ ಖಜಾನೆಯಲ್ಲಿ ಬೇರೆ ದುಡ್ಡಿನ ಜೊತೆ ಬೆರೆತು ಹೋಗುತ್ತದೆ. ಇದು ಇಂಥ ಕಾಡಿನ ಪಾಲು ಅಂತ ಅದರ ಮೇಲೆ ಬರೆದಿರುವುದಿಲ್ಲ. ಕಾಡು ಕಾಯ್ದವರು ಶರಾವತಿ ಕಣಿವೆಯವರು, ಅಂಕ ಗಳಿಸಿದ್ದು ರಾಜ್ಯ.

ಈಗ ರಾಜ್ಯದ ಮಟ್ಟದಲ್ಲಿ ಉಳಿದಿರುವುದು 1991ರ ಕಾಯ್ದೆಯಿಂದ ಹುಟ್ಟಿದ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ. ಶಿವಮೊಗ್ಗದಲ್ಲಿ ಕಚೇರಿ. ಇದರ ವ್ಯಾಪ್ತಿ ಚಾಮರಾಜನಗರದಿಂದ ಬೆಳಗಾವಿಯವರೆಗೆ ಚಾಚಿದೆ. ಆ ಭಾಗದ ಶಾಸಕರೇ ಅದರ ಸದಸ್ಯರು. ಹೀಗಿದ್ದಾಗ ಏನಾಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಬಂದ ದುಡ್ಡನ್ನು ಕ್ಷೇತ್ರಕ್ಕೆ ಇಷ್ಟು ಅಂತ ಹಂಚಿಕೊಳ್ಳುವ ಒತ್ತಡ ಇದ್ದೇ ಇರುತ್ತದೆ. ಹತ್ತು ವರ್ಷ ಹಿಡಿದು ಒಂದು ಕಣಿವೆಯ ಎಲ್ಲ ಸಂಕಗಳನ್ನೂ ಮುಗಿಸೋಣ ಅನ್ನುವ ಯೋಜನೆಗೆ ಅಲ್ಲಿ ಯಾರು ಕೈ ಎತ್ತಬೇಕು? ಹಾಗಿದ್ದೂ ಮಂಡಳಿಯ ದುಡ್ಡಿನಲ್ಲಿ ಆದ ಕಾಲುಸೇತುವೆಗಳು ಕಡಿಮೆಯೇನಲ್ಲ. ಲೋಕೋಪಯೋಗಿ ಇಲಾಖೆಯೂ ಶಾಲಾ ಸಂಪರ್ಕ ಸೇತು ಅನ್ನುವ ಹೆಸರಿನಲ್ಲಿ ಮಕ್ಕಳು ದಾಟುವ ಹಳ್ಳಗಳಿಗೆ ಸೇತುವೆ ಕಟ್ಟಿತು. ಆ ಯೋಜನೆ ನನಗೆ ಯಾಕೆ ಇಷ್ಟ ಅಂದರೆ, ಅದು ಊರಿನಲ್ಲಿ ಎಷ್ಟು ಜನ ಅಂತ ಶುರು ಮಾಡಲಿಲ್ಲ, ಮಗು ಈ ಹಳ್ಳ ದಾಟುತ್ತದಾ ಅಂತ ಶುರು ಮಾಡಿತು.

ಲಾಂಚ್ ಕಾದ ಅರವತ್ತು ವರ್ಷ

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬರು ಕೇಳಬಹುದು. ನಲವತ್ತು ಜನರಿಗೆ ಅಷ್ಟೊಂದು ಖರ್ಚು ಮಾಡುವ ಬದಲು ಅವರನ್ನೇ ಪೇಟೆಯ ಹತ್ತಿರ ಕರೆತಂದು ಸೈಟು ಕೊಟ್ಟರೆ ಆಗದಾ? ಕೇಳಬಾರದ ಪ್ರಶ್ನೆ ಏನಲ್ಲ. ಉತ್ತರಕ್ಕೆ ಸಾಗರ ತಾಲ್ಲೂಕಿಗೆ ಹೋಗಬೇಕು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಹಿನ್ನೀರು ಹರಡಿತು. ಊರು, ಗದ್ದೆ, ತೋಟ ಮುಳುಗಿದವು. ಮುಳುಗದೆ ಉಳಿದ ಕರೂರು, ಬಾರಂಗಿ ಹೋಬಳಿಯ ಜನ ನೀರಿನ ಆಚೆ ಸಿಕ್ಕಿಬಿದ್ದರು. ಆ ನೀರಿನಿಂದ ಆದ ಕರೆಂಟು ರಾಜ್ಯದ ಊರೂರಿಗೆ ಹೋಯಿತು, ಬೆಂಗಳೂರಿನ ಕಾರ್ಖಾನೆಗಳಿಗೆ ಹೋಯಿತು. ಆಚೆ ದಡದ ತುಮರಿಯವರು ಸಾಗರ ಪೇಟೆಗೆ ಹೋಗಲು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಲಾಂಚ್ ಕಾದರು. ರಾತ್ರಿ ಲಾಂಚ್ ಇಲ್ಲ. ರಾತ್ರಿ ಹೆರಿಗೆ ನೋವು ಬಂದರೆ ಬಳಸು ದಾರಿ. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೂ ಕಷ್ಟ. ಸೇತುವೆ ಆದದ್ದು 2025ರಲ್ಲಿ. ಜುಲೈ 14ರಂದು ಉದ್ಘಾಟನೆಯಾದ ಸಿಗಂದೂರು ಸೇತುವೆ ಸುಮಾರು 2.4 ಕಿಲೋಮೀಟರ್ ಉದ್ದ, ಖರ್ಚು 470 ಕೋಟಿ ರೂಪಾಯಿಯ ಮೇಲೆ.

ತಲೆ ಲೆಕ್ಕದಲ್ಲಿ ನೋಡಿದರೆ ಅದು ಭಯಂಕರ ದುಬಾರಿ ಸೇತುವೆ. ಸಿಗಂದೂರಿನ ದೇವಸ್ಥಾನಕ್ಕೆ ಬರುವ ಭಕ್ತರ ಸಂಖ್ಯೆ ಸೇರದಿದ್ದರೆ ಅದು ಇನ್ನೂ ಆಗುತ್ತಿತ್ತೋ ಇಲ್ಲವೋ ಅನ್ನುವ ಅನುಮಾನ ನನಗಿದೆ. ಆದರೆ ಅರವತ್ತು ವರ್ಷ ಆ ನೀರಿನಿಂದ ತೆಗೆದ ಕರೆಂಟಿನ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಆಗ ಅದು ದಾನದ ಹಾಗೆ ಕಾಣುವುದಿಲ್ಲ, ತುಂಬ ತಡವಾಗಿ ತೀರಿಸಿದ ಸಾಲದ ಹಾಗೆ ಕಾಣುತ್ತದೆ. ತುಂಗೆ, ಭದ್ರೆ, ಕಾವೇರಿ, ಹೇಮಾವತಿ, ನೇತ್ರಾವತಿ ಎಲ್ಲವೂ ಹುಟ್ಟುವುದು ಈ ಗುಡ್ಡದಲ್ಲೇ. ಭದ್ರಾ ಕಾಲುವೆಯ ಕೊನೆಯ ಭತ್ತದ ಗದ್ದೆಯವರೆಗೆ, ಬೆಂಗಳೂರಿನ ಕಾವೇರಿ ನಲ್ಲಿಯವರೆಗೆ ಅದರ ಫಲ ಹೋಗುತ್ತದೆ.

ಈ ಸಾಲವನ್ನು ಲೆಕ್ಕಕ್ಕೆ ತರುವ ಪ್ರಯತ್ನ ತಡವಾಗಿಯಾದರೂ ಆಗಿದೆ. 2008ರ ರಾಷ್ಟ್ರೀಯ ಜಲವಿದ್ಯುತ್ ನೀತಿಯಲ್ಲಿ, ಯೋಜನೆ ಇರುವ ರಾಜ್ಯಕ್ಕೆ ಕೊಡುವ ನೂರಕ್ಕೆ 12 ಪಾಲು ಉಚಿತ ವಿದ್ಯುತ್ತಿನ ಮೇಲೆ ಇನ್ನೂ ಒಂದು ಪಾಲನ್ನು ಆ ಸ್ಥಳದ ಅಭಿವೃದ್ಧಿಗೇ ತೆಗೆದಿಡಬೇಕು ಅಂತ ಬಂತು. ಲಿಂಗನಮಕ್ಕಿ ಕಟ್ಟುವಾಗ ಇಂಥ ನಿಯಮ ಇರಲಿಲ್ಲ.

ರಸ್ತೆ ಬಂದ ಮೇಲೆ ಏನು

ಸೇತುವೆ ಆಯಿತು, ರಸ್ತೆ ಆಯಿತು ಅಂತ ಇಟ್ಟುಕೊಳ್ಳೋಣ. ಊರು ಉಳಿಯುತ್ತದಾ? ಇಲ್ಲಿ ಹಿಮಾಲಯದ ಎರಡು ರಾಜ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

1948ರಲ್ಲಿ ಹಿಮಾಚಲ ಪ್ರದೇಶ ರೂಪುಗೊಂಡಾಗ ಅಲ್ಲಿ ವಾಹನ ಓಡುವ ರಸ್ತೆ ಇದ್ದದ್ದು 288 ಕಿಲೋಮೀಟರ್ ಮಾತ್ರ. ಮೊದಲ ಮುಖ್ಯಮಂತ್ರಿ ವೈ.ಎಸ್. ಪರಮಾರ್ ರಸ್ತೆಯನ್ನೇ ಮೊದಲ ಕೆಲಸ ಮಾಡಿಕೊಂಡರು. ಈಗ ಅದು 35 ಸಾವಿರ ಕಿಲೋಮೀಟರ್ ದಾಟಿದೆ. ಆದರೆ ಗುಟ್ಟು ಬರೀ ರಸ್ತೆಯಲ್ಲಿಲ್ಲ. ಕೋಟಗಢದ ಕಡೆ ಆಗಲೇ ಸೇಬು ಬೇರು ಬಿಟ್ಟಿತ್ತು. ರಸ್ತೆಯ ಜೊತೆ ಸರ್ಕಾರ ತೋಟಗಾರಿಕೆ ಇಲಾಖೆ, ಸಸಿ, ಪೆಟ್ಟಿಗೆ, ಶೀತಲಗೃಹ ತಂದಿತು. 1974ರಲ್ಲಿ ಹಣ್ಣು ಮಾರಾಟ ಮತ್ತು ಸಂಸ್ಕರಣೆಗೆಂದೇ ಒಂದು ನಿಗಮ ಹುಟ್ಟಿತು. ಪೇಟೆಯಲ್ಲಿ ನಿಲ್ಲದ ಎರಡನೇ ದರ್ಜೆಯ ಹಣ್ಣನ್ನು ಸರ್ಕಾರವೇ ಕೊಳ್ಳುವ ಏರ್ಪಾಡು ಬಂತು. ರಸ್ತೆಯಲ್ಲಿ ಕೆಳಗೆ ಹೋದದ್ದು ಸೇಬಿನ ಪೆಟ್ಟಿಗೆ.

2000ದಲ್ಲಿ ಹುಟ್ಟಿದ ಉತ್ತರಾಖಂಡದ ಗುಡ್ಡಗಳಲ್ಲೂ ರಸ್ತೆ ಬಂತು. ಅಲ್ಲಿ ರಸ್ತೆಯಲ್ಲಿ ಕೆಳಗೆ ಹೋದದ್ದು ಮನುಷ್ಯರು. 2001ರಿಂದ 2011ರ ನಡುವೆ ಪೌಡಿ ಮತ್ತು ಅಲ್ಮೋಡಾ ಜಿಲ್ಲೆಗಳ ಜನಸಂಖ್ಯೆ ಇಳಿಯಿತು. ರಾಜ್ಯ ಸರ್ಕಾರ 2017ರಲ್ಲಿ ವಲಸೆಗೆಂದೇ ಒಂದು ಆಯೋಗ ಮಾಡಿತು. 2011ರ ನಂತರ 734 ಊರುಗಳು ಪೂರ್ತಿ ಖಾಲಿಯಾಗಿವೆ ಅಂತ ಅದು 2018ರಲ್ಲಿ ವರದಿ ಕೊಟ್ಟಿತು. ಕಟ್ಟಿಗೆಯ ಬಾಗಿಲಿಗೆ ಬೀಗ, ಅಂಗಳದಲ್ಲಿ ಮುಳ್ಳುಗಿಡ. ಹೊಟ್ಟೆ ತುಂಬಿಸುವ ಬೆಳೆ ಇಲ್ಲದ ಊರಿಗೆ ರಸ್ತೆ ಹಾಕಿದರೆ ಅದು ಹೊರಡುವ ದಾರಿ ಆಗುತ್ತದೆ.

ಮಲೆನಾಡು ಮತ್ತು ಕರಾವಳಿಯ ಗುಡ್ಡದವರು ಈ ವಿಷಯದಲ್ಲಿ ಸ್ವಲ್ಪ ಪುಣ್ಯ ಮಾಡಿದ್ದರು. ಅವರಿಗೆ ಬೆಲೆ ಬೀಳದಂತೆ ತಡೆಯುವ ಸಂಸ್ಥೆಗಳು ಇದ್ದವು. 1939ರಲ್ಲೇ ಶಿವಮೊಗ್ಗದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಮಾಮ್ಕೋಸ್ ಹುಟ್ಟಿತು. 1970ರ ಆಸುಪಾಸಿನಲ್ಲಿ ಅಡಿಕೆ ಬೆಲೆ ನೆಲ ಕಚ್ಚಿದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಅನ್ನುವ ಬೆಳೆಗಾರರ ಸಹಕಾರಿ ಸಂಸ್ಥೆ ಶುರುವಾಯಿತು. ಕರ್ನಾಟಕ, ಕೇರಳ ಎರಡೂ ಸರ್ಕಾರಗಳು ಅದಕ್ಕೆ ಪಾಲು ಬಂಡವಾಳ ಹಾಕಿದವು. ಅಡಿಕೆ ತೋಟದ ನಡುವೆ ಬೆಳೆದ ಕೋಕೋಗೆ ಕೊಳ್ಳುವವರು ಇಲ್ಲದಾದಾಗ ಅದೇ ಸಂಸ್ಥೆ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರದ್ದು. ಅದರ ಬೀಜ, ಅದರ ತಳಿ ತೋಟ ತೋಟಕ್ಕೆ ಹೋಗಿವೆ. ಶಿಲಾಫಲಕ ಇಲ್ಲ, ರಿಬ್ಬನ್ ಕತ್ತರಿಸುವಂಥದ್ದಲ್ಲ. ಆದರೆ ಗುಡ್ಡದಲ್ಲಿ ಹಾಕಿದ ಸಾರ್ವಜನಿಕ ದುಡ್ಡಿನಲ್ಲಿ ಬಹಳ ಕಾಲ ಫಲ ಕೊಟ್ಟದ್ದು ಇಂಥವೇ ಅಂತ ನನ್ನ ಲೆಕ್ಕ.

ಅಮೆರಿಕದ ಅಪಲೇಚಿಯ ಬೆಟ್ಟಸಾಲಿನ ಕಥೆಯನ್ನೂ ಇಲ್ಲಿ ಚುಟುಕಾಗಿ ಹೇಳಬೇಕು. ಯಾಕೆಂದರೆ ಅವರೂ ಇದೇ ಲೆಕ್ಕದಲ್ಲಿ ಸಿಕ್ಕಿಬಿದ್ದವರು. ಅಲ್ಲಿ ದೊಡ್ಡ ಹೆದ್ದಾರಿಗಳನ್ನು ಹಾಕುವಾಗ ವಾಹನ ಎಷ್ಟು ಓಡುತ್ತದೆ ಅಂತ ಎಣಿಸಿದರು. ಬೆಟ್ಟದಲ್ಲಿ ರಸ್ತೆಯೇ ಇಲ್ಲ, ವಾಹನ ಎಲ್ಲಿಂದ ಬರಬೇಕು? ಹೆದ್ದಾರಿ ಬೆಟ್ಟವನ್ನು ಬಿಟ್ಟು ಸುತ್ತು ಬಳಸಿ ಹೋಯಿತು. 1960ರಲ್ಲಿ ಅಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಬಡವರು. 1965ರಲ್ಲಿ ಕಾನೂನು ಮಾಡಿ ಬೆಟ್ಟದ ಪ್ರದೇಶಕ್ಕೇ ಒಂದು ಆಯೋಗ ಕಟ್ಟಿದರು. ಈಗ ಅದರಲ್ಲಿ 13 ರಾಜ್ಯಗಳ ಗವರ್ನರುಗಳಿದ್ದಾರೆ. ಕೌಂಟಿ ಅಂದರೆ ನಮ್ಮ ತಾಲ್ಲೂಕು, ಜಿಲ್ಲೆಯಂಥದ್ದು. ನಿರುದ್ಯೋಗ, ಆದಾಯ, ಬಡತನ ಮೂರನ್ನು ನೋಡಿ ಪ್ರತಿ ವರ್ಷ ಕೌಂಟಿಗಳನ್ನು ಐದು ದರ್ಜೆ ಮಾಡುತ್ತಾರೆ. ತೀರಾ ಸೋತ ಕೌಂಟಿಯ ಕೆಲಸಕ್ಕೆ ಆಯೋಗ ನೂರಕ್ಕೆ 80ರವರೆಗೆ ಕೊಡಬಹುದು. ನಡುವಿನವಕ್ಕೆ 50. ಗೆದ್ದವಕ್ಕೆ ಸಾಮಾನ್ಯವಾಗಿ ಏನೂ ಇಲ್ಲ. ಕೌಂಟಿ ಸುಧಾರಿಸಿದರೆ ದರ್ಜೆ ಬದಲಾಗುತ್ತದೆ, ದುಡ್ಡೂ ಬದಲಾಗುತ್ತದೆ. ನಮ್ಮಲ್ಲಿ ಒಮ್ಮೆ ಹಚ್ಚಿದ ಹಿಂದುಳಿದ ಅನ್ನುವ ಚೀಟಿ ಇಪ್ಪತ್ತು ವರ್ಷವಾದರೂ ಹಾಗೇ ಇರುತ್ತದೆ.

ಆ ಪ್ರದೇಶದ ಬಡತನ ಈಗ ನೂರಕ್ಕೆ 15ರ ಸುತ್ತ ಇದೆ. ಆದರೆ ಪೂರ್ವ ಕೆಂಟಕಿಯ ಕಲ್ಲಿದ್ದಲ ಕಣಿವೆಗಳು ಇವತ್ತಿಗೂ ಕೆಳಗಿನ ದರ್ಜೆಯಲ್ಲೇ ಇವೆ. ಅಲ್ಲೂ ರಸ್ತೆ ಬಂತು. ಕಲ್ಲಿದ್ದಲು ಬಿಟ್ಟರೆ ಕೆಳಗೆ ಕಳಿಸಲು ಹೆಚ್ಚೇನೂ ಇರಲಿಲ್ಲ.

ಮತ್ತೆ ಹಳ್ಳದ ದಂಡೆಗೆ

ದುಡ್ಡಿನ ಸೂತ್ರ ಬದಲಾಗುವವರೆಗೆ ಎಂಟು ಮನೆಯವರು ಏನು ಮಾಡಬೇಕು? ಒಂದು ದಾರಿ, ಕೇಳುವ ಸೇತುವೆಯನ್ನೇ ಚಿಕ್ಕದು ಮಾಡುವುದು. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡಲಾಗಿ ಒಂದು ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಕಬ್ಬಿಣದ ಹಗ್ಗ, ಎರಡು ಗೋಪುರ, ನಡೆಯಲು ಹಲಗೆ. ಲಾರಿ ಹೋಗುವ ಕಾಂಕ್ರೀಟು ಸೇತುವೆಯ ಖರ್ಚಿನ ಚೂರು ಪಾಲಿನಲ್ಲಿ ಮುಗಿಯುತ್ತದೆ. ಅಡಿಕೆ ಮೂಟೆ ತುಂಬಿದ ಪಿಕಪ್ ಅದರ ಮೇಲೆ ಹೋಗುವುದಿಲ್ಲ, ಅದು ನಿಜ. ಮಗು ಹೋಗುತ್ತದೆ.

ಇನ್ನೊಂದು ಅಡ್ಡಿ ಕಾಡಿನ ಗಡಿ. ಹಳ್ಳದ ದಂಡೆ ಅರಣ್ಯ ಇಲಾಖೆಯದ್ದಾದರೆ ಕೆಲಸ ನಿಲ್ಲುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿ ಉದ್ದದ ದಾರಿ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ಒಂದು ಕಿರುದಾರಿ ಇದೆ. ಕಾಡಿನಲ್ಲಿ ಬದುಕುವವರ ಊರಿಗೆ ಬೇಕಾದ ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಪೈಪು, ರಸ್ತೆ ಮೊದಲಾದ 13 ಬಗೆಯ ಕೆಲಸಗಳಿಗೆ, ಪ್ರತಿ ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗವನ್ನು, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯದಿದ್ದರೆ, ಸ್ಥಳೀಯ ಮಟ್ಟದಲ್ಲೇ ಬಿಟ್ಟುಕೊಡಬಹುದು. ದೆಹಲಿಗೆ ಕಡತ ಹೋಗಬೇಕಾಗಿಲ್ಲ. ಮಲೆನಾಡಿನ ಬಹಳ ಪಂಚಾಯ್ತಿ ಸದಸ್ಯರಿಗೇ ಈ ಕಲಮು ಗೊತ್ತಿರುವುದಿಲ್ಲ.

ಅರ್ಜಿಗೆ ಗ್ರಾಮಸಭೆಯ ಶಿಫಾರಸು ಬೇಕು. ಆ ಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಬಂದಿರಬೇಕು. ಹಾಗಾಗಿ ದಿನ ಗೊತ್ತು ಮಾಡುವಾಗ ಜುಲೈ, ಆಗಸ್ಟ್ ಬೇಡ. ಸಂಕ ಹೋಗಿದ್ದರೆ ಹಳ್ಳದ ಆಚೆಯವರು ಸಭೆಗೆ ಬರುವುದಾದರೂ ಹೇಗೆ?